ಬಾಕಿ ಪಗಾರದ ವಸೂಲಿ: ಮುಕಾದಮನಿಂದ ತಹಶೀಲ್ದಾರರವರೆಗೆ

ಕೂಲಿ ಕೊಡದೆ ಉಳಿಸಿಕೊಂಡ ಮಾಲೀಕನ ಮೇಲೆ ಕೂಲಿಕಾರನಿಗಿರುವ ಹಕ್ಕು, ಕೈಗಡ ಕೊಟ್ಟವನಿಗೆ ಸಾಲಗಾರನ ಮೇಲಿರುವ ಹಕ್ಕಿಗಿಂತ ಬಲವಾದದ್ದು. ಕೈಗಡ ಕೊಟ್ಟವನು ಸಿವಿಲ್ ನ್ಯಾಯಾಲಯಕ್ಕೆ ಹೋಗಿ, ಶುಲ್ಕ ಕಟ್ಟಿ, ದಾವೆ ಹೂಡಿ, ಡಿಕ್ರಿ ಪಡೆದು, ಮತ್ತೆ ಅದರ ಅಮಲ್ಜಾರಿಗೆ ಅರ್ಜಿ ಹಾಕಿ ಹಣ ಎತ್ತಬೇಕಾಗುತ್ತದೆ. ಪಗಾರದ ಬಾಕಿಯನ್ನಾದರೋ, ಸರ್ಕಾರ ತನಗೆ ಬರಬೇಕಾದ ಭೂಕಂದಾಯವನ್ನು ಯಾವ ಬಗೆಯಲ್ಲಿ ಜಪ್ತಿ ಹರಾಜುಗಳ ಮೂಲಕ ವಸೂಲು ಮಾಡಿಕೊಳ್ಳುತ್ತದೆಯೋ ಅದೇ ಬಗೆಯಲ್ಲಿ, ಅದೇ ಕಂದಾಯ ಅಧಿಕಾರಿಗಳ ಕೈಯಿಂದ ವಸೂಲು ಮಾಡಿಸಲು ಕಾನೂನು ಅವಕಾಶ ಕೊಟ್ಟಿದೆ. ಬೀದರ್ ನಗರ, ಭಾಲ್ಕಿ ಮತ್ತು ಔರಾದ್ ತಾಲ್ಲೂಕುಗಳಲ್ಲಿ ಕಟ್ಟಡ ಕೆಲಸ, ಕಬ್ಬು ಕಟಾವು, ಇಟ್ಟಿಗೆ ಭಟ್ಟಿ, ಹೊರಗುತ್ತಿಗೆಯ ನೌಕರಿ ಇವುಗಳನ್ನು ನಂಬಿ ಬದುಕುವ ಕುಟುಂಬಗಳಲ್ಲಿ ಈ ಹಕ್ಕಿನ ಅರಿವು ಕಡಿಮೆ. ಅರಿವಿದ್ದವರಿಗೂ ಅದನ್ನು ಯಾರ ಮೇಲೆ, ಯಾವ ಕಚೇರಿಯಲ್ಲಿ, ಯಾವ ಕಾಗದ ಹಿಡಿದು ಸಾಧಿಸಬೇಕೆಂಬುದು ಸ್ಪಷ್ಟವಾಗಿರುವುದಿಲ್ಲ.

ಈಗ ಜಾರಿಯಲ್ಲಿರುವ ಮುಖ್ಯ ಕಾನೂನು ವೇತನ ಸಂಹಿತೆ, 2019. ಸಂಸತ್ತು ಇದನ್ನು 2019ರಲ್ಲೇ ಅಂಗೀಕರಿಸಿತ್ತಾದರೂ ಕೇಂದ್ರ ಸರ್ಕಾರ ಜಾರಿಗೆ ತಂದದ್ದು 2025ರ ನವೆಂಬರ್ 21ರಂದು. ವೇತನ ಪಾವತಿ ಕಾಯ್ದೆ (1936), ಕನಿಷ್ಠ ವೇತನ ಕಾಯ್ದೆ (1948), ಬೋನಸ್ ಪಾವತಿ ಕಾಯ್ದೆ (1965) ಮತ್ತು ಸಮಾನ ಸಂಭಾವನೆ ಕಾಯ್ದೆ (1976) ಎಂಬ ನಾಲ್ಕು ಹಳೆಯ ಕಾಯ್ದೆಗಳು ಇದರಲ್ಲಿ ಒಂದಾಗಿವೆ. 1936ರ ಕಾಯ್ದೆಯ ರಕ್ಷಣೆ ತಿಂಗಳಿಗೆ 24,000 ರೂಪಾಯಿವರೆಗೆ ಪಗಾರ ಪಡೆಯುವವರಿಗೆ ಮಾತ್ರ ದೊರೆಯುತ್ತಿತ್ತು. ಹೊಸ ಸಂಹಿತೆ ಆ ಮಿತಿಯನ್ನು ತೆಗೆದುಹಾಕಿರುವುದರಿಂದ ಕಾರ್ಖಾನೆಯ ಸಹಾಯಕನೂ ಅದರ ಮೇಲ್ವಿಚಾರಕನೂ ಒಂದೇ ಪ್ರಾಧಿಕಾರಿಯ ಮುಂದೆ ಹೋಗಬಹುದು. ಪಗಾರ ಕೊಡಬೇಕಾದ ಗಡುವನ್ನೂ ಸಂಹಿತೆ ಗೊತ್ತುಮಾಡಿದೆ: ದಿನಗೂಲಿಯನ್ನು ಆ ಪಾಳಿ ಮುಗಿಯುವಾಗಲೇ, ವಾರದ ಕೂಲಿಯನ್ನು ವಾರದ ಕೊನೆಯ ಕೆಲಸದ ದಿನ, ತಿಂಗಳ ಪಗಾರವನ್ನು ಮುಂದಿನ ತಿಂಗಳ ಏಳನೆಯ ದಿನ ಕಳೆಯುವುದರೊಳಗೆ ಕೊಡಬೇಕು. ಕೆಲಸದಿಂದ ತೆಗೆದರೂ, ಕಾರ್ಮಿಕನೇ ರಾಜೀನಾಮೆ ಕೊಟ್ಟರೂ, ಕಾರ್ಖಾನೆ ಮುಚ್ಚಿದರೂ ಎರಡು ಕೆಲಸದ ದಿನಗಳಲ್ಲಿ ಲೆಕ್ಕ ಚುಕ್ತಾ ಆಗಬೇಕು. ‘ಬಿಲ್ಲು ಪಾಸಾಗಿಲ್ಲ, ಆದಾಗ ಕೊಡುತ್ತೇನೆ’ ಎನ್ನುವ ಗುತ್ತೇದಾರನ ಮಾತಿಗೆ ಈ ಗಡುವುಗಳ ಎದುರು ಯಾವ ಬೆಲೆಯೂ ಇಲ್ಲ, ಏಕೆಂದರೆ ಅವನ ಬಿಲ್ಲು ಅವನಿಗೂ ಇಲಾಖೆಗೂ ಸಂಬಂಧಿಸಿದ ವ್ಯವಹಾರ.

ಬಾಕಿ ಎಂದರೆ ಪೂರ್ತಿ ಕೊಡದ ಪಗಾರ ಮಾತ್ರವಲ್ಲ. ಸರ್ಕಾರ ಅಧಿಸೂಚಿಸಿದ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟಿದ್ದರೆ ಆ ವ್ಯತ್ಯಾಸವೂ, ಹೆಚ್ಚುವರಿ ಅವಧಿಯ ದುಡಿಮೆಗೆ ಸಲ್ಲಬೇಕಾದ ಎರಡು ಪಟ್ಟು ದರವೂ, ಕಾನೂನು ಒಪ್ಪದ ಕಡಿತಗಳೂ, ಬೋನಸ್ಸೂ ಬಾಕಿಯೇ. ಕರ್ನಾಟಕದಲ್ಲಿ ಕನಿಷ್ಠ ವೇತನಕ್ಕೆ ಸೇರುವ ತುಟ್ಟಿಭತ್ಯೆ ಪ್ರತಿ ಏಪ್ರಿಲ್‌ನಲ್ಲಿ ಪರಿಷ್ಕೃತವಾಗುವುದರಿಂದ, ಹಿಂದಿನ ವರ್ಷದ ದರದಲ್ಲೇ ಪಗಾರ ಎಣಿಸುತ್ತ ಹೋದ ಸಂಸ್ಥೆ ತನಗೆ ತಿಳಿಯದಂತೆಯೇ (ತಿಳಿದೂ ಇರಬಹುದು) ತಿಂಗಳು ತಿಂಗಳೂ ಬಾಕಿಯನ್ನು ಬೆಳೆಸುತ್ತಿರುತ್ತದೆ.

ತುಂಡುಕೆಲಸ, ಅಂದರೆ ನಗದ ಲೆಕ್ಕದಲ್ಲಿ ಮಾಡುವ ಕೆಲಸ, ಪಗಾರದ ಕಾನೂನಿಗೆ ಸೇರುವುದಿಲ್ಲವೆಂಬ ತಪ್ಪು ತಿಳಿವಳಿಕೆ ಬೀದರ್ ನಗರದ ಓಣಿಗಳಲ್ಲಿ ಹಳೆಯದು. ಬಿದರಿ ಕೆಲಸದ ಕಾರ್ಖಾನೆಯಲ್ಲಿ ಸತು ತಾಮ್ರಗಳ ಎರಕವನ್ನು ಒಬ್ಬ ಹೊಯ್ಯುತ್ತಾನೆ, ನಕ್ಕಾಸಿಯನ್ನು ಮತ್ತೊಬ್ಬ ಕೊರೆಯುತ್ತಾನೆ, ಬೆಳ್ಳಿಯ ತಂತಿಯನ್ನು ಇನ್ನೊಬ್ಬ ಕೂಡಿಸುತ್ತಾನೆ, ಕೋಟೆಯ ಮಣ್ಣಿನಲ್ಲಿ ಕಪ್ಪು ಬರಿಸುವ ಕೆಲಸ ಮಗದೊಬ್ಬನದು. ಇವರ ದುಡಿಮೆಯನ್ನು ದಿನದ ಬದಲು ತಯಾರಾದ ಹೂದಾನಿ, ಹುಕ್ಕಾ, ಪೆಟ್ಟಿಗೆಗಳ ಲೆಕ್ಕದಲ್ಲಿ ಅಳೆಯುವುದುಂಟು. ಅಳೆಯುವ ಮಾನ ಬದಲಾದ ಮಾತ್ರಕ್ಕೆ ನೌಕರಿಯ ಸಂಬಂಧ ಇಲ್ಲವಾಗುವುದಿಲ್ಲ. 1973ರಲ್ಲಿ ಸಿಲ್ವರ್ ಜುಬಿಲಿ ಟೈಲರಿಂಗ್ ಹೌಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಾಲೀಕನ ಅಂಗಡಿಯಲ್ಲಿ ಅವನ ಯಂತ್ರದ ಮೇಲೆ ಕುಳಿತು ಹೊಲಿದು, ಹೊಲಿಗೆ ಸರಿಯಿಲ್ಲದಿದ್ದರೆ ತಿರಸ್ಕಾರಕ್ಕೆ ಒಳಗಾಗುವ ದರ್ಜಿ ತುಂಡುಗೂಲಿ ಪಡೆದರೂ ನೌಕರನೇ ಎಂದು ತೀರ್ಮಾನಿಸಿತು. ಮರುವರ್ಷ ಮಂಗಳೂರು ಗಣೇಶ್ ಬೀಡಿ ವರ್ಕ್ಸ್ ಪ್ರಕರಣದಲ್ಲಿ, ಮನೆಯಲ್ಲಿ ಕುಳಿತು ಬೀಡಿ ಕಟ್ಟುವವರನ್ನೂ ಬೀಡಿ ಕಾರ್ಮಿಕರ ಕಾಯ್ದೆಯ ವ್ಯಾಪ್ತಿಗೆ ತಂದದ್ದು ಸಿಂಧುವೆಂದು ಹೇಳಿತು. ಕಚ್ಚಾಮಾಲು ಯಾರದು, ಮಾಲನ್ನು ತಿರಸ್ಕರಿಸುವ ಅಧಿಕಾರ ಯಾರಿಗಿದೆ, ಸಲಕರಣೆ ಯಾರದು ಎಂಬ ಪ್ರಶ್ನೆಗಳಿಗೆ ಬರುವ ಉತ್ತರದ ಮೇಲೆ ಸಂಬಂಧ ನಿರ್ಧಾರವಾಗುತ್ತದೆ. ತನ್ನದೇ ಬೆಳ್ಳಿ ಹಾಕಿ ತನ್ನದೇ ಮನೆಯಲ್ಲಿ ಮಾಲು ಮಾಡಿ ಮಾರುವ ಕುಶಲಕರ್ಮಿ ಮಾತ್ರ ವ್ಯಾಪಾರಿ. ಅವನ ಬಾಕಿ ವ್ಯಾಪಾರದ ಬಾಕಿ, ಅದಕ್ಕೆ ಸಿವಿಲ್ ದಾವೆಯೇ ಗತಿ.

ಇದಕ್ಕಿಂತ ತೊಡಕಿನದು ಮಾಲೀಕ ಯಾರೆಂಬ ಪ್ರಶ್ನೆ. ಕಬ್ಬು ಕಟಾವಿನ ವ್ಯವಸ್ಥೆಯಲ್ಲಿ ಇದು ಎಷ್ಟು ಸುತ್ತು ಹಾಕುತ್ತದೆಂಬುದನ್ನು ತುಸು ಬಿಡಿಸಿ ನೋಡಬೇಕು. ಭಾಲ್ಕಿ ತಾಲ್ಲೂಕಿನ ಹುಣಜಿಯಲ್ಲಿ ಮಹಾತ್ಮ ಗಾಂಧಿ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ, ಬೀದರ್ ತಾಲ್ಲೂಕಿನಲ್ಲಿ ನಾರಂಜಾ ಸಹಕಾರಿ ಸಕ್ಕರೆ ಕಾರ್ಖಾನೆ ಇದೆ, ಗಡಿಯಾಚೆ ಮರಾಠವಾಡದಲ್ಲಿ ಇನ್ನೂ ಹಲವು ಕಾರ್ಖಾನೆಗಳಿವೆ. ಕಬ್ಬಿನ ಹಂಗಾಮು ದೀಪಾವಳಿಯ ಹೊತ್ತಿಗೆ ಆರಂಭವಾದಾಗ ಕಟಾವಿನ ಟೋಳಿಗಳು ಈ ಸೀಮೆಗೆ ಬರುವುದೂ ಉಂಟು, ಇಲ್ಲಿನ ತಾಂಡಾಗಳಿಂದ ಹೊರಡುವುದೂ ಉಂಟು. ಸಾಮಾನ್ಯ ರೂಢಿಯಲ್ಲಿ ಕಾರ್ಖಾನೆ ಕಟಾವು ಮತ್ತು ಸಾಗಣೆಯ ಕರಾರನ್ನು ವಾಹನದ ಮಾಲೀಕನೊಡನೆ ಮಾಡಿಕೊಳ್ಳುತ್ತದೆ, ಅವನು ಮುಕಾದಮನಿಗೆ ಹಣ ಕೊಡುತ್ತಾನೆ, ಮುಕಾದಮ ಗಂಡ ಹೆಂಡತಿಯರ ಜೋಡಿಗೆ ‘ಉಚಲ್’ ಎಂಬ ಮುಂಗಡವನ್ನು ಕೊಟ್ಟು ಟೋಳಿ ಕಟ್ಟುತ್ತಾನೆ. ದುಡಿಮೆಯ ದರ ಟನ್ನಿಗೆ ಇಷ್ಟೆಂದು ನಿಗದಿಯಾಗಿದ್ದರೂ ಹಂಗಾಮಿನ ಉದ್ದಕ್ಕೂ ಜೋಡಿಯ ಕೈಗೆ ಬರುವುದು ವಾರದ ಖರ್ಚಿನ ಹಣ ಮಾತ್ರ. ಉಳಿದದ್ದೆಲ್ಲ ಹಂಗಾಮು ಮುಗಿದ ಮೇಲೆ ಕೂರುವ ಹಿಸಾಬಿಗೆ ಬಿಡಲ್ಪಡುತ್ತದೆ, ಆ ಹಿಸಾಬಿನ ವಹಿಯಾದರೋ ಮುಕಾದಮನ ಕೈಯಲ್ಲಿರುತ್ತದೆ. ಟನ್ನುಗಳು ಎಷ್ಟೆಂದು ಅವನೇ ಹೇಳುತ್ತಾನೆ, ಉಚಲಿನ ಮೇಲೆ ಬಡ್ಡಿ, ಟ್ರ್ಯಾಕ್ಟರಿನಲ್ಲಿ ಕರೆತಂದ ಖರ್ಚು, ಗೈರುಹಾಜರಿಯ ದಂಡ ಇವನ್ನೆಲ್ಲ ಅವನೇ ಕಳೆಯುತ್ತಾನೆ. ಕೊನೆಗೆ ಪಗಾರ ಕೇಳಲು ಕುಳಿತವನೇ ಸಾಲಗಾರನಾಗಿ ಎದ್ದು ಬರುವ ಪ್ರಸಂಗಗಳು ಅಪರೂಪವಲ್ಲ.

ಈ ಹಿಸಾಬಿನ ಪ್ರತಿ ಸಾಲಿಗೂ ಕಾನೂನಿನಲ್ಲಿ ಉತ್ತರವಿದೆ. ಕೆಲಸ ಶುರುವಾಗುವ ಮೊದಲು ಕೊಟ್ಟ ಮುಂಗಡವನ್ನು ಪಗಾರದಲ್ಲಿ ಹಿಡಿದುಕೊಳ್ಳಬಹುದಾದರೂ, ಪ್ರಯಾಣದ ಖರ್ಚಿಗೆಂದು ಕೊಟ್ಟ ಮುಂಗಡವನ್ನು ಹಿಡಿದುಕೊಳ್ಳುವಂತಿಲ್ಲ. ಇದು 1936ರ ಕಾಯ್ದೆಯಲ್ಲೂ ಇದ್ದ, ಸಂಹಿತೆಯಲ್ಲೂ ಉಳಿದ ನಿಯಮ. ಯಾವುದೇ ವೇತನ ಅವಧಿಯಲ್ಲಿ ಎಲ್ಲ ಕಡಿತಗಳೂ ಸೇರಿ ಪಗಾರದ ಅರ್ಧವನ್ನು ಮೀರಬಾರದು. ದಂಡ ಹಾಕಬೇಕಾದರೆ ಅದಕ್ಕೆ ಕಾರಣವಾಗುವ ತಪ್ಪುಗಳನ್ನು ಮೊದಲೇ ಅನುಮೋದನೆ ಪಡೆದು ಪ್ರಕಟಿಸಿರಬೇಕು, ಕಾರ್ಮಿಕನಿಗೆ ಉತ್ತರಿಸಲು ಅವಕಾಶ ಕೊಟ್ಟಿರಬೇಕು. ಜೋಡಿಯನ್ನು ಒಂದೇ ಆಳೆಂದು ಎಣಿಸಿ ಹಣವನ್ನು ಗಂಡನ ಕೈಗೆ ಕೊಡುವ ರೂಢಿಗೂ ಕಾನೂನಿನ ಒಪ್ಪಿಗೆಯಿಲ್ಲ: ಹೆಂಡತಿ ಸ್ವತಂತ್ರ ನೌಕರಳು, ತನ್ನ ಹೆಸರಿನಲ್ಲೇ ಅರ್ಜಿ ಹಾಕಬಲ್ಲಳು, ವಹಿಯಲ್ಲಿ ಅವಳ ಹೆಸರಿಲ್ಲದಿರುವುದು ವಹಿ ಬರೆದವನ ಲೋಪವೇ ಹೊರತು ಅವಳದಲ್ಲ.

ಹಕ್ಕು ಸಾಧಿಸಬೇಕಾದದ್ದು ಯಾರ ಮೇಲೆ? ಸಂಹಿತೆಯ ಪ್ರಕಾರ ‘ಮಾಲೀಕ’ ಎಂಬುದರಲ್ಲಿ ಗುತ್ತೇದಾರನೂ ಸೇರುತ್ತಾನೆ, ಮಾಲೀಕ ತೀರಿಹೋಗಿದ್ದರೆ ಅವನ ವಾರಸುದಾರನೂ ಸೇರುತ್ತಾನೆ. ಮಾಲೀಕ ಪಗಾರ ಕೊಡದೆ ಹೋದಲ್ಲಿ, ಆ ಕಾರ್ಮಿಕ ದುಡಿದ ಸಂಸ್ಥೆಯ ಒಡೆತನ ಹೊಂದಿರುವ ಕಂಪನಿ, ಪಾಲುದಾರಿಕೆ ಅಥವಾ ವ್ಯಕ್ತಿ ಆ ಪಗಾರಕ್ಕೆ ಹೊಣೆ ಎಂದು 43ನೇ ಸೆಕ್ಷನ್ ಹೇಳುತ್ತದೆ. ಬೀದರ್‌ನ ಕೊಳಾರ ಕೈಗಾರಿಕಾ ಪ್ರದೇಶದ ಘಟಕವೊಂದರಲ್ಲಿ ಗುತ್ತಿಗೆಯ ಮೇಲೆ ದುಡಿದವನಿಗೆ ಗುತ್ತೇದಾರ ಕೈಕೊಟ್ಟು ಊರು ಬಿಟ್ಟಿದ್ದರೆ, ಘಟಕದ ಮಾಲೀಕನೇ ಕೊಟ್ಟು ಆಮೇಲೆ ಗುತ್ತೇದಾರನಿಂದ ವಸೂಲು ಮಾಡಿಕೊಳ್ಳಬೇಕು. ಆಸ್ಪತ್ರೆ, ವಸತಿ ನಿಲಯ, ನಗರಾಡಳಿತ, ಸರ್ಕಾರಿ ಕಚೇರಿಗಳಲ್ಲಿ ಏಜೆನ್ಸಿಯ ಮೂಲಕ ದುಡಿಯುವ ಹೊರಗುತ್ತಿಗೆ ನೌಕರರ ವಿಷಯದಲ್ಲಿ ಪ್ರಧಾನ ಮಾಲೀಕನ ಸ್ಥಾನದಲ್ಲಿರುವುದು ಆ ಇಲಾಖೆಯೇ. ‘ನಿಮ್ಮ ಏಜೆನ್ಸಿಯನ್ನು ಕೇಳಿ’ ಎಂಬ ಉತ್ತರ ಕಚೇರಿಗಳಲ್ಲಿ ಎಷ್ಟೇ ಸಲೀಸಾಗಿ ಸಿಕ್ಕರೂ ಅದು ಕಾನೂನಿನ ಉತ್ತರವಲ್ಲ. ಕಬ್ಬು ಕಡಿಯುವವನ ಸ್ಥಿತಿ ಮಾತ್ರ ಇಷ್ಟು ಸರಳವಲ್ಲ. ಅವನು ದುಡಿದದ್ದು ರೈತನ ಹೊಲದಲ್ಲಿ, ಕರಾರು ಇರುವುದು ಕಾರ್ಖಾನೆಗೂ ವಾಹನ ಮಾಲೀಕನಿಗೂ ನಡುವೆ, ಹಣ ಕೊಟ್ಟದ್ದು ಮುಕಾದಮ. ಆದ್ದರಿಂದ ಅವನು ತನ್ನ ನೌಕರನೇ ಅಲ್ಲವೆಂದು ಕಾರ್ಖಾನೆ ವಾದಿಸುವುದು ನಿಶ್ಚಿತ. ಇಂಥಲ್ಲಿ ಮುಕಾದಮ, ವಾಹನ ಮಾಲೀಕ, ಕಾರ್ಖಾನೆ ಮೂವರನ್ನೂ ಎದುರುದಾರರನ್ನಾಗಿ ಹೆಸರಿಸುವುದೇ ವಿವೇಕ, ಏಕೆಂದರೆ ಯಾರು ಯಾರಿಗೆ ಹೊಣೆಯೆಂಬುದನ್ನು ಪ್ರಾಧಿಕಾರಿಯ ಮುಂದೆ ಅವರೇ ಬಿಡಿಸಿ ಹೇಳಬೇಕಾಗುತ್ತದೆ.

ರುಜುವಾತಿನ ಹೊಣೆಯ ವಿಷಯದಲ್ಲಿ ಸಂಹಿತೆ ಕಾರ್ಮಿಕನ ಪರವಾಗಿದೆ. ಪಗಾರ ಕೊಟ್ಟಿಲ್ಲ, ಕಡಿಮೆ ಕೊಟ್ಟಿದ್ದಾರೆ ಅಥವಾ ಅಕ್ರಮವಾಗಿ ಹಿಡಿದುಕೊಂಡಿದ್ದಾರೆ ಎಂದು ಕಾರ್ಮಿಕ ಆಪಾದಿಸಿದಾಗ, ಕೊಟ್ಟಿದ್ದೇವೆಂದು ತೋರಿಸಬೇಕಾದವನು ಮಾಲೀಕ. ಹಾಜರಿ ಮತ್ತು ವೇತನದ ವಹಿಗಳನ್ನು ಇಡುವ, ಪಗಾರ ಚೀಟಿ ಕೊಡುವ ಕರ್ತವ್ಯವೂ ಅವನದೇ. ಆದರೆ ತಾನು ಅಲ್ಲಿ ದುಡಿದದ್ದು ಹೌದೆಂಬುದನ್ನು ಕಾರ್ಮಿಕ ತೋರಿಸಲೇಬೇಕು, ಬಹುಪಾಲು ಅರ್ಜಿಗಳು ಮುಗ್ಗರಿಸುವುದೂ ಇಲ್ಲಿಯೇ. ಕಟಾವಿನವರಿಗೆ ಒದಗುವ ಒಳ್ಳೆಯ ದಾಖಲೆ ಕಾರ್ಖಾನೆಯ ತೂಕದ ಚೀಟಿ. ಗಾಡಿಯ ನಂಬರು, ರೈತನ ಹೆಸರು, ಊರು, ತಾರೀಖು, ತುಂಬಿದ ಗಾಡಿಯ ತೂಕ, ಖಾಲಿ ಗಾಡಿಯ ತೂಕ, ನಿವ್ವಳ ಟನ್ನು ಇವಿಷ್ಟೂ ಒಂದು ಗೇಣು ಕಾಗದದಲ್ಲಿ ಸಿಗುವುದರಿಂದ, ಪ್ರತಿ ಚೀಟಿಯನ್ನೂ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡ ಟೋಳಿಯ ಎದುರು ಮುಕಾದಮನ ವಹಿಗೆ ಏಕಸ್ವಾಮ್ಯ ಉಳಿಯುವುದಿಲ್ಲ. ಕಟ್ಟಡ ಕೆಲಸದವರಿಗೆ ಮೇಸ್ತ್ರಿಯ ಹಾಜರಿ ಪುಸ್ತಕದ ಪುಟದ ಚಿತ್ರ, ಫೋನ್‌ಪೇಯಲ್ಲಿ ಬಂದ ಬಿಡಿ ಮೊತ್ತಗಳ ವಿವರ, ‘ನಾಳೆ ಸೆಂಟ್ರಿಂಗ್ ಇದೆ, ಆರು ಮಂದಿ ಬನ್ನಿ’ ಎಂಬಂಥ ವಾಟ್ಸ್ಯಾಪ್ ಸಂದೇಶ, ಕಲ್ಯಾಣ ಮಂಡಳಿಯ ನೋಂದಣಿಗೆಂದು ಪಡೆದ ಕೆಲಸದ ದೃಢೀಕರಣ ಇವೆಲ್ಲ ಉಪಯೋಗಕ್ಕೆ ಬರುತ್ತವೆ. ಕಾರ್ಖಾನೆಯವರಿಗೆ ಗೇಟ್ ಪಾಸ್, ಭವಿಷ್ಯನಿಧಿಯ ಖಾತೆ, ಇಎಸ್‌ಐ ಸಂಖ್ಯೆ ಇರುತ್ತವೆ. ಕಾಗದವೇ ಇಲ್ಲದವನಿಗೆ ಜೊತೆಯಲ್ಲಿ ದುಡಿದವರ ಸಾಕ್ಷ್ಯವೇ ಆಧಾರ. ಆ ಜೊತೆಗಾರರು ಇನ್ನೂ ಅದೇ ಮಾಲೀಕನ ಬಳಿ ದುಡಿಯುತ್ತಿದ್ದರೆ ಸಾಕ್ಷಿ ಹೇಳಲು ಹಿಂಜರಿಯುತ್ತಾರೆಂಬುದೂ ನಿಜ.

ಅರ್ಜಿಗೆ ವಿಶೇಷ ಪಾಂಡಿತ್ಯ ಬೇಕಿಲ್ಲ. ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಎಲ್ಲಿ, ಯಾವ ಕೆಲಸ, ಒಪ್ಪಿದ ದರ ಎಷ್ಟು, ಹಾಜರಿ ಎಷ್ಟು, ಬರಬೇಕಾದದ್ದು, ಬಂದದ್ದು, ಬಾಕಿ ಎಂಬುದನ್ನು ತಿಂಗಳುವಾರು ಪಟ್ಟಿ ಮಾಡಿ ಎದುರುದಾರರ ಹೆಸರು ವಿಳಾಸ ಬರೆದರೆ ಅದರ ತಿರುಳು ಸಿದ್ಧವಾಗುತ್ತದೆ. ಉದಾಹರಣೆಗೆ, ದಿನಕ್ಕೆ 500 ರೂಪಾಯಿಯಂತೆ 26 ಹಾಜರಿಗೆ 13,000 ರೂಪಾಯಿ ಆಗಿ, ಅದರಲ್ಲಿ 5,000 ಮಾತ್ರ ಬಂದಿದ್ದರೆ ಬಾಕಿ 8,000. ಇದರ ಜೊತೆಗೆ ಬಾಕಿಯ ಹತ್ತು ಪಟ್ಟಿನವರೆಗೆ, ಅಂದರೆ ಈ ಲೆಕ್ಕದಲ್ಲಿ 80,000 ರೂಪಾಯಿವರೆಗೆ, ಪರಿಹಾರ ಕೊಡಿಸುವ ಅಧಿಕಾರ 45ನೇ ಸೆಕ್ಷನ್ನಿನಡಿ ನೇಮಕವಾಗುವ ಪ್ರಾಧಿಕಾರಿಗೆ ಇದೆ. ಹತ್ತು ಪಟ್ಟು ಎಂಬುದು ಮೇಲ್ಮಿತಿ. ಎಷ್ಟೆಂಬುದು ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಆದರೂ ಅರ್ಜಿಯಲ್ಲಿ ಪರಿಹಾರವನ್ನು ಕೇಳದೆ ಬಿಡುವುದು ದೊಡ್ಡ ತಪ್ಪು. ಒಂದೇ ಸಂಸ್ಥೆಯ ಎಷ್ಟು ಮಂದಿ ಬೇಕಾದರೂ ಸೇರಿ ಒಂದೇ ಅರ್ಜಿ ಹಾಕಬಹುದು. ಅವರು ಸದಸ್ಯರಾಗಿರುವ ನೋಂದಾಯಿತ ಕಾರ್ಮಿಕ ಸಂಘವೂ ಅವರ ಪರವಾಗಿ ಹಾಕಬಹುದು, ಈಗ ‘ಇನ್‌ಸ್ಪೆಕ್ಟರ್ ಕಮ್ ಫೆಸಿಲಿಟೇಟರ್’ ಎಂಬ ಉದ್ದನೆಯ ಹೆಸರು ಪಡೆದಿರುವ ಕಾರ್ಮಿಕ ನಿರೀಕ್ಷಕರೂ ಹಾಕಬಹುದು. ಮೂರು ತಿಂಗಳಲ್ಲಿ ತೀರ್ಮಾನಿಸಲು ಪ್ರಾಧಿಕಾರಿ ಪ್ರಯತ್ನಿಸಬೇಕೆಂದು ಸಂಹಿತೆ ಹೇಳುತ್ತದೆ. ‘ಪ್ರಯತ್ನಿಸಬೇಕು’ ಎಂಬಲ್ಲಿಗೆ ನಿಲ್ಲಿಸಿರುವುದರಿಂದ ಅದನ್ನು ಕಟ್ಟುನಿಟ್ಟಿನ ಗಡುವೆಂದು ಭಾವಿಸುವಂತಿಲ್ಲ.

ಔರಾದ್ ಅಥವಾ ಭಾಲ್ಕಿಯ ಕಾರ್ಮಿಕ ಮೊದಲು ಕಾಣಬೇಕಾದದ್ದು ಕಾರ್ಮಿಕ ಇಲಾಖೆಯ ನಿರೀಕ್ಷಕರನ್ನು, ಅಥವಾ ಬೀದರ್‌ನಲ್ಲಿರುವ ಜಿಲ್ಲಾ ಕಾರ್ಮಿಕ ಅಧಿಕಾರಿಯ ಕಚೇರಿಯನ್ನು. ಇಲಾಖೆಯ ಸಹಾಯವಾಣಿ 155214ಕ್ಕೂ ಕರೆ ಮಾಡಿ ದೂರು ದಾಖಲಿಸಬಹುದು. ಅರ್ಜಿಯ ಎರಡನೆಯ ಪ್ರತಿಯ ಮೇಲೆ ಟಪಾಲು ವಿಭಾಗದ ಮೊಹರು, ತಾರೀಖು ಹಾಕಿಸಿಕೊಂಡು ಸ್ವೀಕೃತಿ ಪಡೆಯದೆ ಮರಳಬಾರದು, ಅರ್ಜಿ ತಿರಸ್ಕರಿಸಿದರೆ ಕಾರಣ ಸಹಿತ ಹಿಂಬರಹವನ್ನು ಕೇಳಿ ಪಡೆಯಬೇಕು. ವಕೀಲರ ಖರ್ಚಿಗೆ ಹೆದರುವವರು ಗಮನಿಸಬೇಕಾದದ್ದು ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ, 1987ರ 12ನೇ ಸೆಕ್ಷನ್. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಕೈಗಾರಿಕಾ ಕಾರ್ಮಿಕರು ಇವರೆಲ್ಲ ಆದಾಯದ ಲೆಕ್ಕವಿಲ್ಲದೆಯೇ ಉಚಿತ ಕಾನೂನು ನೆರವಿಗೆ ಅರ್ಹರು. ಬೀದರ್‌ನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ತಾಲ್ಲೂಕು ನ್ಯಾಯಾಲಯಗಳಲ್ಲಿರುವ ಸೇವಾ ಸಮಿತಿಗಳು ಮತ್ತು 15100 ಸಂಖ್ಯೆಯ ಸಹಾಯವಾಣಿ ಇದಕ್ಕೆಂದೇ ಇವೆ. ನೇರವಾಗಿ ಸಿವಿಲ್ ನ್ಯಾಯಾಲಯಕ್ಕೆ ಹೋಗುವ ದಾರಿಯನ್ನು, ಸಂಹಿತೆಯಡಿ ವಸೂಲು ಮಾಡಬಹುದಾದ ಪಗಾರದ ಮಟ್ಟಿಗೆ, ಸಂಹಿತೆಯೇ ಮುಚ್ಚಿದೆ. ಪೊಲೀಸ್ ಠಾಣೆಯಲ್ಲಿ ‘ಇದು ಸಿವಿಲ್ ವ್ಯಾಜ್ಯ’ ಎಂಬ ಉತ್ತರ ಸಿಗುವುದು ಬಹುಮಟ್ಟಿಗೆ ಸರಿಯೇ, ಏಕೆಂದರೆ ಕೊಡಬೇಕಾದದ್ದನ್ನು ಕೊಡದಿರುವುದು ತಾನಾಗಿಯೇ ವಂಚನೆಯ ಅಪರಾಧವಾಗುವುದಿಲ್ಲ.

ಪೊಲೀಸರೂ ಕಂದಾಯ ಅಧಿಕಾರಿಗಳೂ ಹಾಗೆ ಹೇಳಿ ಕೈತೊಳೆದುಕೊಳ್ಳಲಾಗದ ಒಂದು ಸನ್ನಿವೇಶವಿದೆ. ಮುಂಗಡ ತೀರುವವರೆಗೆ ಊರಿಗೆ ಹೋಗಕೂಡದೆಂದು ತಡೆದು, ಬೇರೆಡೆ ದುಡಿಯಲು ಬಿಡದೆ, ಕನಿಷ್ಠ ವೇತನಕ್ಕಿಂತ ಕಡಿಮೆ ಕೊಟ್ಟೋ ಏನೂ ಕೊಡದೆಯೋ ದುಡಿಸಿದರೆ ಅದು ಜೀತ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ತನ್ನ ವ್ಯಾಖ್ಯೆಯಲ್ಲಿ ಹೆಸರಿಸುವ ಪ್ರಾದೇಶಿಕ ಪದ್ಧತಿಗಳ ದೊಡ್ಡ ಪಟ್ಟಿಯಲ್ಲಿ ಜೀತವೂ ಇದೆ, ಹೈದರಾಬಾದ್ ಸಂಸ್ಥಾನದಲ್ಲಿ ಬಳಕೆಯಲ್ಲಿದ್ದ ಭಗೇಲಾ ಪದ್ಧತಿಯೂ ಇದೆ. ನಿಜಾಮರ ಆಳ್ವಿಕೆಯನ್ನು ಕಂಡ ಬೀದರ್ ಸೀಮೆಗೆ ಈ ಪಟ್ಟಿ ದೂರದ ಸಂಗತಿಯೇನಲ್ಲ. 1982ರಲ್ಲಿ ದೆಹಲಿಯ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಕಾರ್ಮಿಕರಿಗೆ ಸಂಬಂಧಿಸಿದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಕನಿಷ್ಠ ವೇತನಕ್ಕಿಂತ ಕಡಿಮೆಗೆ ದುಡಿಸುವುದು ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ ಎಂದು ಹೇಳಿ, ಹೊಟ್ಟೆಯ ಹಸಿವೂ ಒಂದು ಬಲವಂತವೆಂಬ ವ್ಯಾಖ್ಯಾನವನ್ನು ಮುಂದಿಟ್ಟಿತು. ಇಂಥ ಸಂಗತಿಗಳಲ್ಲಿ ಕಾರ್ಮಿಕ ಕಚೇರಿಯ ಬದಲು ನೇರವಾಗಿ ಜಿಲ್ಲಾಧಿಕಾರಿ ಅಥವಾ ಉಪವಿಭಾಗಾಧಿಕಾರಿಗೆ ದೂರು ಕೊಡಬೇಕು, ಮುಂಗಡವೆಂಬ ಸಾಲವೇ ಅಲ್ಲಿ ಕಾನೂನಿನಿಂದ ರದ್ದಾಗುತ್ತದೆ.

ಗಡಿಯ ಸಮಸ್ಯೆ ಬೀದರ್‌ಗೆ ವಿಶಿಷ್ಟವಾದದ್ದು, ಅದಕ್ಕೆ ಕಾರಣ ಭೂಗೋಳಕ್ಕಿಂತ ಇತಿಹಾಸ. 1956ರ ನವೆಂಬರ್ 1ರಂದು ರಾಜ್ಯಗಳು ಮರುವಿಂಗಡಣೆಯಾದಾಗ ಹೈದರಾಬಾದ್ ರಾಜ್ಯದ ಹಳೆಯ ಬೀದರ್ ಜಿಲ್ಲೆ ಮೂರು ತುಂಡಾಯಿತು: ಬೀದರ್, ಭಾಲ್ಕಿ, ಹುಮನಾಬಾದ್, ಔರಾದ್ ಭಾಗಗಳು ಅಂದಿನ ಮೈಸೂರು ರಾಜ್ಯಕ್ಕೆ, ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿ ರಾಜ್ಯಕ್ಕೆ, ಜಹೀರಾಬಾದ್, ನಾರಾಯಣಖೇಡಗಳು ಆಂಧ್ರಪ್ರದೇಶಕ್ಕೆ ಹೋದವು. ಕೂಲಿಯ ಪೇಟೆ ಮಾತ್ರ ಇಂದಿಗೂ ಆ ಹಳೆಯ ಜಿಲ್ಲೆಯ ನಕ್ಷೆಯಲ್ಲೇ ನಡೆಯುತ್ತಿದೆ. ಔರಾದ್‌ನ ಮನುಷ್ಯ ಉದಗೀರಕ್ಕೋ ದೇಗಲೂರಿಗೋ ಹೋದಷ್ಟು ಸಲೀಸಾಗಿ ಕಲಬುರಗಿಗೆ ಹೋಗುವುದಿಲ್ಲ. ಗೌಂಡಿ ಕೆಲಸಕ್ಕೆ ಹೈದರಾಬಾದ್ ಅವನಿಗೆ ಬೆಂಗಳೂರಿಗಿಂತ ಎಷ್ಟೋ ಹತ್ತಿರ. ಕಾನೂನಿನ ನಕ್ಷೆಯಾದರೋ ಬೇರೆ: ಸಾಮಾನ್ಯವಾಗಿ ದುಡಿದ ಸಂಸ್ಥೆ ಯಾವ ಪ್ರಾಧಿಕಾರಿಯ ವ್ಯಾಪ್ತಿಯಲ್ಲಿದೆಯೋ ಅಲ್ಲಿಯೇ ಅರ್ಜಿ ಸಲ್ಲಬೇಕು, ಆದ್ದರಿಂದ ಹೈದರಾಬಾದ್‌ನ ಕಟ್ಟಡದಲ್ಲಿ ಉಳಿದ ಬಾಕಿಗೆ ಬೀದರ್‌ನ ಕಾರ್ಮಿಕ ಅಧಿಕಾರಿ ಆದೇಶ ಹೊರಡಿಸಲಾರರು. ಇಲ್ಲಿ ಕಾನೂನು ಸೇವೆಗಳ ಪ್ರಾಧಿಕಾರಗಳೇ ಪ್ರಯೋಜನಕಾರಿ: ಬೀದರ್‌ನಲ್ಲಿ ಅರ್ಜಿ ಬರೆಸಿ, ತೆಲಂಗಾಣದ ಅಥವಾ ಮಹಾರಾಷ್ಟ್ರದ ಸಂಬಂಧಿತ ಜಿಲ್ಲೆಯ ಪ್ರಾಧಿಕಾರಕ್ಕೆ ಕಳುಹಿಸುವಂತೆ ಕೋರಬಹುದು. ಊರು ಬಿಡುವ ಮೊದಲೇ ಮಾಲೀಕನ ಪೂರ್ತಿ ಹೆಸರು, ಸೈಟಿನ ಹೆಸರು, ಅಲ್ಲಿನ ಫಲಕದ ಚಿತ್ರ ಇವನ್ನು ಸಂಗ್ರಹಿಸದೆ ‘ಶೇಟ್’, ‘ರೆಡ್ಡಿ ಸಾಬ್’ ಎಂಬ ಹೆಸರುಗಳೊಂದಿಗಷ್ಟೇ ಮರಳಿದವನಿಗೆ ಯಾವ ರಾಜ್ಯದ ಕಚೇರಿಯೂ ಹೆಚ್ಚು ಮಾಡಲಾರದು.

ಕಾಲಮಿತಿಯಲ್ಲಿ ಹಳೆಯದಕ್ಕೂ ಹೊಸದಕ್ಕೂ ದೊಡ್ಡ ಅಂತರವಿದೆ. ವೇತನ ಪಾವತಿ ಕಾಯ್ದೆಯಲ್ಲಿ 12 ತಿಂಗಳು, ಕನಿಷ್ಠ ವೇತನ ಕಾಯ್ದೆಯಲ್ಲಿ ಕೇವಲ ಆರು ತಿಂಗಳು ಇದ್ದ ಅವಧಿ ಈಗ ಮೂರು ವರ್ಷ. ತಡಕ್ಕೆ ಸಮರ್ಥ ಕಾರಣ ತೋರಿಸಿದರೆ ಅದರ ನಂತರವೂ ಅರ್ಜಿಯನ್ನು ಸ್ವೀಕರಿಸಬಹುದು. 2025ರ ನವೆಂಬರ್‌ಗಿಂತ ಹಿಂದಿನ ಬಾಕಿಗೆ ಹಳೆಯ ಅವಧಿಯೇ ಅನ್ವಯವೆಂಬ ತಕರಾರನ್ನು ಮಾಲೀಕರ ವಕೀಲರು ಎತ್ತುವುದು ಸಹಜವಾದ್ದರಿಂದ, ಅಂಥ ಅರ್ಜಿಯೊಡನೆ ತಡವನ್ನು ಮನ್ನಿಸುವಂತೆ ಕೋರುವ ಪ್ರತ್ಯೇಕ ಮನವಿಯನ್ನೂ ಸೇರಿಸುವುದು ಲೇಸು.

ಕಾರ್ಖಾನೆಯೇ ಮುಚ್ಚಿಹೋದರೆ ಏನೆಂಬುದು ಈ ಜಿಲ್ಲೆಗೆ ಅನುಭವಕ್ಕೆ ಬಂದ ಪ್ರಶ್ನೆ. ಹಳ್ಳಿಖೇಡ(ಬಿ) ಬಳಿಯ ಬೀದರ್ ಸಹಕಾರಿ ಸಕ್ಕರೆ ಕಾರ್ಖಾನೆ ಕಬ್ಬು ನುರಿಸುವುದನ್ನು ನಿಲ್ಲಿಸಿದ ಬಳಿಕ ಅಲ್ಲಿನ ಕಾರ್ಮಿಕರ ವೇತನ ಬಾಕಿ ಜಿಲ್ಲೆಯ ರಾಜಕಾರಣದಲ್ಲೇ ಒಂದು ವಿಷಯವಾಯಿತು. ಕಂಪನಿಯಾಗಿದ್ದರೆ 2016ರ ದಿವಾಳಿ ಸಂಹಿತೆಯಡಿ, ಸಮಾಪನೆ ಆರಂಭವಾಗುವ ಮೊದಲಿನ 24 ತಿಂಗಳ ಕಾರ್ಮಿಕ ಬಾಕಿಗೆ ತಮ್ಮ ಅಡಮಾನವನ್ನು ಬಿಟ್ಟುಕೊಟ್ಟ ಬ್ಯಾಂಕುಗಳ ಸಾಲದೊಡನೆ ಸಮಾನ ಆದ್ಯತೆ ಸಿಗುತ್ತದೆ. ಸಹಕಾರಿ ಸಂಘದ ದಾರಿ ಬೇರೆ: ಅಲ್ಲಿ ಸಮಾಪನೆ ನಡೆಯುವುದು ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ, 1959ರಂತೆ, ಸಹಕಾರ ಇಲಾಖೆ ನೇಮಿಸುವ ಸಮಾಪಕರ ಕೈಯಲ್ಲಿ. ಅದೇ ಕಾಯ್ದೆಯ 70ನೇ ಸೆಕ್ಷನ್ ಸಂಘಕ್ಕೂ ಅದರ ನೌಕರರಿಗೂ ನಡುವಿನ ವ್ಯಾಜ್ಯಗಳನ್ನು ನಿಬಂಧಕರ ಮುಂದೆ ಒಯ್ಯುತ್ತದೆ; 2007ರಲ್ಲಿ ವಿಜಯಪುರದ ಹಾಲು ಒಕ್ಕೂಟದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಸೆಕ್ಷನ್ನಿನ ತಿದ್ದುಪಡಿಯ ಬಲದಿಂದ ಕಾರ್ಮಿಕ ನ್ಯಾಯಾಲಯದ ವ್ಯಾಪ್ತಿ ತಪ್ಪುತ್ತದೆಂದು ಹೇಳಿರುವುದರಿಂದ, ಸಹಕಾರಿ ಕಾರ್ಖಾನೆಯ ನೌಕರರು ಯಾವ ಬಾಗಿಲು ತಟ್ಟಬೇಕೆಂಬುದನ್ನು ವಕೀಲರೊಡನೆ ಕುಳಿತು ನಿರ್ಧರಿಸಬೇಕು. ತಪ್ಪು ಬಾಗಿಲಲ್ಲಿ ವರ್ಷಗಳನ್ನು ಕಳೆದು ಸರಿಯಾದ ಬಾಗಿಲಿಗೆ ಬರುವಷ್ಟರಲ್ಲಿ ಕಾರ್ಖಾನೆಯ ಯಂತ್ರ ಗುಜರಿಯಾಗಿರುತ್ತದೆ.

ಕಾರ್ಮಿಕ ಅಧಿಕಾರಿಯ ಕೋಣೆಯಲ್ಲಿ ಮಾಲೀಕ ಹಾಜರಾಗಿ ಕಂತಿನಲ್ಲಿ ಕೊಡುತ್ತೇನೆಂದು ಒಪ್ಪುವುದು ಸಾಮಾನ್ಯ ನೋಟ. ಆ ಒಪ್ಪಿಗೆ ಬಾಯಿಮಾತಾಗಿ ಉಳಿಯಬಾರದು. ಕಂತಿನ ಮೊತ್ತ, ತಾರೀಖು ಸಹಿತ ಅಧಿಕಾರಿಯ ಸಮಕ್ಷಮ ಸಹಿಯಾದ ಒಪ್ಪಂದವಾದರೆ, ಅದು ತಪ್ಪಿದಾಗ ಕೈಗಾರಿಕಾ ಸಂಬಂಧಗಳ ಸಂಹಿತೆ, 2020ರ 59ನೇ ಸೆಕ್ಷನ್ನಿನಡಿ, ಹಿಂದೆ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ 33ಸಿ ಸೆಕ್ಷನ್ನಿನಡಿ ಇದ್ದಂತೆಯೇ, ಮತ್ತೆ ಮೊದಲಿನಿಂದ ವಾದ ಮಾಡದೆ ನೇರವಾಗಿ ವಸೂಲಾತಿಗೆ ಹೋಗಬಹುದು. ಹಣ ಸಲ್ಲಬೇಕಾದ ದಿನದಿಂದ ಒಂದು ವರ್ಷದೊಳಗೆ ಅದಕ್ಕೆ ಅರ್ಜಿ ಬೀಳಬೇಕು.

ಆದೇಶ ಬಂದ ಮೇಲೆ ಮಾಲೀಕನಿಗೆ ಮೇಲ್ಮನವಿಗೆ 90 ದಿನಗಳ ಅವಕಾಶವಿದೆ. ಆದೇಶದಂತೆ ಹಣ ಕೊಡದಿದ್ದರೆ ಪ್ರಾಧಿಕಾರಿ ವಸೂಲಾತಿ ಪ್ರಮಾಣಪತ್ರವನ್ನು ಸಂಸ್ಥೆ ಇರುವ ಜಿಲ್ಲೆಯ ಜಿಲ್ಲಾಧಿಕಾರಿಗೆ ಕಳುಹಿಸುತ್ತಾರೆ, ಅಲ್ಲಿಂದ ಅದು ತಹಶೀಲ್ದಾರರ ಕಚೇರಿಗೆ ಇಳಿಯುತ್ತದೆ. ತಹಶೀಲ್ದಾರರು ಕರ್ನಾಟಕ ಭೂಕಂದಾಯ ಕಾಯ್ದೆ, 1964ರ ಪ್ರಕಾರ ನೋಟಿಸು ಕೊಟ್ಟು, ಚರ ಸ್ಥಿರ ಆಸ್ತಿಗಳನ್ನು ಜಪ್ತಿ ಮಾಡಿ ಹರಾಜು ಹಾಕಬಹುದು. ಬಂದ ಹಣ ಪ್ರಾಧಿಕಾರಿಗೆ ಜಮೆಯಾಗಿ ಅಲ್ಲಿಂದ ಕಾರ್ಮಿಕನಿಗೆ ಸೇರುತ್ತದೆ. ಇಡೀ ವ್ಯವಸ್ಥೆಯಲ್ಲಿ ಸಡಿಲವಾದ ಕೊಂಡಿ ಇದೇ. ಬರ, ಬೆಳೆಹಾನಿ, ಚುನಾವಣೆ, ಸರ್ವೆಗಳ ನಡುವೆ ಎಂಟು ಸಾವಿರ ರೂಪಾಯಿಯ ಪಗಾರದ ಕಡತ ಕೆಳಗೆ ಬೀಳುವುದರಲ್ಲಿ ಆಶ್ಚರ್ಯವಿಲ್ಲ, ಮಾಲೀಕನ ಆಸ್ತಿ ಎಲ್ಲಿದೆಯೆಂದು ಹುಡುಕುವ ಪುರುಸೊತ್ತೂ ಗ್ರಾಮ ಆಡಳಿತಾಧಿಕಾರಿಗೆ ಇರುವುದಿಲ್ಲ. ಆದ್ದರಿಂದ ಈ ಹಂತದಲ್ಲಿ ಕಾರ್ಮಿಕನೇ ಮಾಲೀಕನ ಹೊಲದ ಸರ್ವೆ ನಂಬರಿರುವ ಪಹಣಿ, ಮನೆಯ ಖಾತೆಯ ವಿವರ, ಟ್ರ್ಯಾಕ್ಟರು ಜೆಸಿಬಿಗಳ ನೋಂದಣಿ ಸಂಖ್ಯೆ, ಹಣ ಹಾಕಿದ ಬ್ಯಾಂಕಿನ ಶಾಖೆ ಇವನ್ನು ಪಟ್ಟಿ ಮಾಡಿ ತಹಶೀಲ್ದಾರರಿಗೆ ಅರ್ಜಿಯೊಡನೆ ಒಪ್ಪಿಸುವುದು ಅತ್ಯಂತ ಫಲಕಾರಿ. ಪಹಣಿಯನ್ನು ಯಾರು ಬೇಕಾದರೂ ನಾಡಕಚೇರಿಯಲ್ಲಿ ಅಲ್ಪ ಶುಲ್ಕಕ್ಕೆ ಪಡೆಯಬಹುದು. ಮಾಲೀಕನ ಜಮೀನು ಉದಗೀರದಲ್ಲೋ ನಾರಾಯಣಖೇಡದಲ್ಲೋ ಇದ್ದರೆ, ಬ್ರಿಟಿಷರ ಕಾಲದಿಂದ ಉಳಿದುಬಂದಿರುವ 1890ರ ಕಂದಾಯ ವಸೂಲಾತಿ ಕಾಯ್ದೆಯ ಮೂರನೆಯ ಸೆಕ್ಷನ್ನಿನಂತೆ ಬೀದರ್ ಜಿಲ್ಲಾಧಿಕಾರಿ ಆ ಜಿಲ್ಲೆಯ ಕಲೆಕ್ಟರರಿಗೆ ಪ್ರಮಾಣಪತ್ರ ಕಳುಹಿಸಬಹುದು, ಅವರು ಅದನ್ನು ತಮ್ಮ ಜಿಲ್ಲೆಯ ಬಾಕಿಯೆಂದೇ ತಿಳಿದು ವಸೂಲು ಮಾಡಬೇಕು. ಈ ಕಾಯ್ದೆಯನ್ನು ಬಳಸುವಂತೆ ಸೆಕ್ಷನ್ನಿನ ಸಂಖ್ಯೆ ಸಹಿತ ಲಿಖಿತವಾಗಿ ಕೇಳಬೇಕು, ಏಕೆಂದರೆ ಕೇಳದಿದ್ದಲ್ಲಿ ‘ಆಸ್ತಿ ಈ ಜಿಲ್ಲೆಯಲ್ಲಿ ಇಲ್ಲ’ ಎಂಬ ಒಂದು ಸಾಲಿನ ಹಿಂಬರಹದೊಂದಿಗೆ ಪ್ರಮಾಣಪತ್ರ ಬಂದ ದಾರಿಯಲ್ಲೇ ಮರಳುತ್ತದೆ.